ಎಂಟನೇ ಕ್ಲಾಸಿಗೆ ಮಗಳನ್ನು ಎಲ್ಲಿ ಸೇರಿಸಲಿ?

ಪ್ರಶ್ನೆ: ಮೇಡಂ, ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ತೆಂಗಿನ ತೋಟ ಇದೆ, ಜೊತೆಗೆ ಯಜಮಾನರು ಸಣ್ಣ ಅಂಗಡಿ ಇಟ್ಟಿದ್ದಾರೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸ್ ಮುಗಿಸುತ್ತಿದ್ದಾಳೆ. ಲೆಕ್ಕದಲ್ಲಿ ಚುರುಕು. ಇಂಗ್ಲಿಷ್ ಓದುತ್ತಾಳೆ, ಆದರೆ ಅರ್ಥ ಆಗುವುದಿಲ್ಲ. ನಮ್ಮೂರಲ್ಲಿ ಇರುವುದು ಏಳರವರೆಗೆ ಮಾತ್ರ. ಅವಳಿಗೆ ಗೆಳತಿಯರ ಜೊತೆ ಹೋಬಳಿಯ ಸರ್ಕಾರಿ ಹೈಸ್ಕೂಲಿಗೆ ಹೋಗುವ ಆಸೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಯಜಮಾನರಿಗೆ ಹಾಸನದ ಒಂದು ಸಿಬಿಎಸ್‌ಇ ಶಾಲೆಯ ಹಾಸ್ಟೆಲಿಗೆ ಹಾಕುವ ಹಟ. ನನ್ನ ವಾರಗಿತ್ತಿಯ ಮಗ ಅಲ್ಲೇ ಓದುತ್ತಾನೆ. ವರ್ಷಕ್ಕೆ 1,40,000 ರೂಪಾಯಿ. ನನ್ನ ಸರ ಅಡವಿಡೋಣ ಅಂತಾರೆ. ನಾನೂ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು. ಪಿಯುಸಿ ಸೈನ್ಸಿಗೆ ಸೇರಿ, ಇಂಗ್ಲಿಷಿಗೆ ಹೆದರಿ ಮೂರೇ ತಿಂಗಳಿಗೆ ಬಿಟ್ಟೆ. ಅವಳಿಗೂ ಹಾಗೇ ಆದರೆ?

ಉತ್ತರ: ತಂಗೀ, ನಿಮ್ಮ ಕಾಗದದ ಕೊನೆಯ ಸಾಲುಗಳನ್ನೇ ಎರಡು ಮೂರು ಸಲ ಓದಿದೆ. ಯಜಮಾನರ ಹಟ ಒಂದು ಕಡೆ ಇರಲಿ. ನಿಮ್ಮನ್ನು ನಿದ್ದೆಗೆಡಿಸುತ್ತಿರುವುದು ಆ ಮೂರು ತಿಂಗಳ ಕಾಲೇಜು, ಅಲ್ವಾ?

ಮೊದಲು ಅದನ್ನೇ ಮಾತಾಡೋಣ. ಆ ಮೂರು ತಿಂಗಳಲ್ಲಿ ನಿಮಗೆ ಗೊತ್ತಿಲ್ಲದ ಪಾಠ ಬಹಳ ಇರಲಿಲ್ಲ. ವೇಗೋತ್ಕರ್ಷ ನಿಮಗೆ ಗೊತ್ತಿತ್ತು, ದ್ಯುತಿಸಂಶ್ಲೇಷಣೆ ಗೊತ್ತಿತ್ತು. ಕಾಲೇಜಿನಲ್ಲಿ ಅವು ಆಕ್ಸಿಲರೇಷನ್, ಫೋಟೋಸಿಂಥಸಿಸ್ ಅಂತ ಬೇರೆ ಹೆಸರಿಟ್ಟುಕೊಂಡು ಬಂದವು. ಪಕ್ಕದಲ್ಲಿ ಕೂತು 'ಇದು ಅದೇ ಕಣೇ' ಅಂತ ಹೇಳುವವರು ಯಾರೂ ಇರಲಿಲ್ಲ. ಬುದ್ಧಿ ಕಮ್ಮಿ ಅಂತ ನೀವೇ ತೀರ್ಮಾನ ಮಾಡಿಕೊಂಡು ಮನೆಗೆ ಬಂದಿರಿ. ಹಾಗೆ ಬಂದ ಹುಡುಗಿಯರನ್ನು ನಾನು ಬಹಳ ಜನ ಕಂಡಿದ್ದೇನೆ. ಫಸ್ಟ್ ಕ್ಲಾಸ್ ಬಂದವರೇ ಜಾಸ್ತಿ.

ಈಗ ಮಗಳನ್ನು ಹಾಸನಕ್ಕೆ ಕಳಿಸಿದರೆ ಆ ಏಟು ತಪ್ಪುತ್ತದಾ? ತಪ್ಪುವುದಿಲ್ಲ, ಮೂರು ವರ್ಷ ಮೊದಲೇ ಬೀಳುತ್ತದೆ. ನಿಮಗೆ ಹದಿನಾರಕ್ಕೆ ಆದದ್ದು ಅವಳಿಗೆ ಹದಿಮೂರಕ್ಕೆ ಆಗುತ್ತದೆ. ಗಣಿತ, ವಿಜ್ಞಾನ, ಸಮಾಜ ಎಲ್ಲ ಒಂದೇ ಸಲ ಇಂಗ್ಲಿಷಿನಲ್ಲಿ. ಅದೂ ಮನೆ ಬಿಟ್ಟು, ರಾತ್ರಿ ಅಳು ಬಂದರೆ ಅಮ್ಮ ಇಲ್ಲದ ಕಡೆ. ಲೆಕ್ಕದಲ್ಲಿ ಮುಂದಿರುವ ಹುಡುಗಿ ಲೆಕ್ಕದ ಪ್ರಶ್ನೆಯೇ ಅರ್ಥವಾಗದೆ ಕೂರುತ್ತಾಳೆ. ಆರು ತಿಂಗಳಲ್ಲಿ ಹೊಂದಿಕೊಳ್ಳುವ ಮಕ್ಕಳೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವಳೇ 'ಹೋಗ್ತೀನಿ' ಅಂತ ಕುಣಿಯುತ್ತಿದ್ದರೆ ನನ್ನ ಉತ್ತರವೂ ಬೇರೆ ಇರುತ್ತಿತ್ತು. ಅವಳು ಹೋಬಳಿ ಶಾಲೆ ಅನ್ನುತ್ತಿದ್ದಾಳೆ. ನಾನೂ ಅದನ್ನೇ ಅನ್ನುತ್ತೇನೆ.

ಇಂಗ್ಲಿಷಿಗೆ ಏನು ಮಾಡುವುದು? ರಾಜ್ಯದ ಪಠ್ಯಪುಸ್ತಕಗಳು ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ. ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಗಣಿತ, ವಿಜ್ಞಾನದ ಇಂಗ್ಲಿಷ್ ಮೀಡಿಯಂ ಪುಸ್ತಕ ತಂದುಕೊಡಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಕೇಳಿದ ದಿನವೇ ಸಂಜೆ ಇಂಗ್ಲಿಷಿನಲ್ಲಿ ಅದೇ ಒಂದು ಪುಟ ಓದಲಿ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡದ ಹೆಸರು, ಬಲಗಡೆ ಇಂಗ್ಲಿಷಿನದು ಬರೆದುಕೊಳ್ಳಲಿ. ನೀವೂ ಪಕ್ಕದಲ್ಲಿ ಕೂತುಕೊಳ್ಳಿ, ಸುಮ್ನೆ ಕೂತರೂ ಸಾಕು. ಮೂರು ವರ್ಷ ಹೀಗೆ ನಡೆದರೆ ಪಿಯುಸಿಯ ಮೊದಲ ದಿನ ಆ ಹೆಸರುಗಳು ಅವಳಿಗೆ ಹೊಸವಾಗಿರುವುದಿಲ್ಲ. ಸಿಬಿಎಸ್‌ಇ ಅಂದರೆ ಏನೋ ಬೇರೆ ವಿದ್ಯೆ ಅಂತ ಹೆದರುವುದೂ ಬೇಡ. ನಮ್ಮ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕಗಳು ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪಾಠಗಳನ್ನೇ ಆಧರಿಸಿವೆ.

ಇನ್ನು ಯಜಮಾನರು. 'ಸರ್ಕಾರಿ ಶಾಲೆ ಒಳ್ಳೇದು' ಅಂತ ವಾದ ಹೂಡಬೇಡಿ, ಗೆಲ್ಲುವುದಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ವಾರಗಿತ್ತಿ ಮಗ ಇಂಗ್ಲಿಷಿನಲ್ಲಿ ಮಾತಾಡಿದ್ದು ಅವರ ತಲೆಯಲ್ಲಿ ಕೂತಿರುತ್ತದೆ. ತನ್ನ ಮಗಳು ಹಿಂದೆ ಬೀಳಬಾರದು ಅನ್ನುವುದು ತಪ್ಪಲ್ಲ. ಆದರೆ ಅವರು ಅಂಗಡಿ ನಡೆಸುವವರು. ಲೆಕ್ಕ ಹಾಕಿ ತೋರಿಸಿದರೆ ಕೇಳುತ್ತಾರೆ. ಮೂರು ವರ್ಷಕ್ಕೆ 4,20,000. ಕೊಬ್ಬರಿ ರೇಟು ಮೂರು ವರ್ಷ ಒಂದೇ ಸಮ ನಿಂತದ್ದು ಅವರಾದರೂ ಕಂಡಿದ್ದಾರಾ? ಸರ ಅಡವಿಡುವುದೇ ಆದರೆ ಅದು ಪಿಯುಸಿಗೆ, ಅದರ ಮುಂದಿನ ಓದಿಗೆ ಇರಲಿ.

ಜೊತೆಗೆ ಇದನ್ನೂ ಹೇಳಿ. ಇದು ಬಹಳ ಜನ ಅಪ್ಪಂದಿರಿಗೆ ಟಿಸಿ ತೆಗೆಸಿದ ಮೇಲೇ ಗೊತ್ತಾಗುವುದು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಆದರೆ ಒಂದರಿಂದ ಹತ್ತರವರೆಗೆ ಹತ್ತಕ್ಕೆ ಹತ್ತೂ ವರ್ಷ ಹಾಗೇ ಓದಿರಬೇಕು. ನಿಮ್ಮ ಮಗಳು ಆಗಲೇ ಏಳು ವರ್ಷ ಮುಗಿಸಿದ್ದಾಳೆ. ಹಾಸನಕ್ಕೆ ಹೋದ ದಿನವೇ ಎರಡೂ ಕೈ ಬಿಡುತ್ತವೆ. ಹೋಬಳಿಯ ಹೈಸ್ಕೂಲಿನಲ್ಲೇ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದ್ದರೆ, ಅಲ್ಲಿಗೆ ಸೇರಿಸಿದರೂ ಕನ್ನಡ ಮಾಧ್ಯಮದ್ದು ಹೋಗುತ್ತದೆ, ಗ್ರಾಮೀಣದ್ದು ಉಳಿಯುತ್ತದೆ. ಬೇರೆ ಷರತ್ತುಗಳೂ ಇವೆ, ಬಿಇಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮೀಸಲಾತಿಗೋಸ್ಕರವೇ ಶಾಲೆ ಆರಿಸಿ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿರುವುದನ್ನು ಗೊತ್ತಿಲ್ಲದೆ ಬಿಡಬೇಡಿ, ಅಷ್ಟೇ.

ಹಾಗಂತ ಕಣ್ಣು ಮುಚ್ಚಿಕೊಂಡು ಹೋಬಳಿ ಶಾಲೆಗೂ ಸೇರಿಸಬೇಡಿ. ಬೇಸಿಗೆ ರಜೆ ಶುರುವಾಗುವ ಮೊದಲೇ ಒಂದು ದಿನ ಹೋಗಿ. ಶನಿವಾರ ಬೇಡ, ಅರ್ಧ ದಿನಕ್ಕೇ ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಗಣಿತ, ವಿಜ್ಞಾನ, ಇಂಗ್ಲಿಷಿಗೆ ಖಾಯಂ ಮೇಷ್ಟ್ರು ಇದ್ದಾರಾ? ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರಲ್ಲೂ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ಆದರೆ ನೇಮಕ ಆಗುವಷ್ಟರಲ್ಲಿ ಪಾಠ ಹಿಂದೆ ಬಿದ್ದಿರುತ್ತದೆ. ಹೆಡ್‌ಮಾಸ್ಟರ್ ಹೇಳಿದ್ದನ್ನು ಕೇಳಿಕೊಂಡು, ಆಮೇಲೆ ಒಂಬತ್ತನೇ ಕ್ಲಾಸಿನ ಯಾವುದಾದರೂ ಹುಡುಗಿಯ ಅಮ್ಮನನ್ನು ಹುಡುಕಿ ಮಾತಾಡಿಸಿ. ನಿಜ ಅಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ ಅಂತ ನೀವೇ ಒಳಗೆ ಹೋಗಿ ನೋಡಿ. ನಾಚಿಕೆ ಬೇಡ. ನೀರಿಲ್ಲದಿದ್ದರೆ ತಿಂಗಳಿಗೆ ಮೂರು ದಿನ ಶಾಲೆ ತಪ್ಪುತ್ತದೆ.

ಗಣಿತ, ವಿಜ್ಞಾನ ಎರಡಕ್ಕೂ ಜನ ಇಲ್ಲ ಅಂತಾದರೆ ಹತ್ತಿರದ ಅನುದಾನಿತ ಹೈಸ್ಕೂಲ್ ನೋಡಿ. ಮೊರಾರ್ಜಿ, ಆದರ್ಶ ವಿದ್ಯಾಲಯಗಳು ಮುಖ್ಯವಾಗಿ ಆರನೇ ಕ್ಲಾಸಿಗೇ ಸೇರಿಸಿಕೊಳ್ಳುವುದು. ನವೋದಯದಲ್ಲಿ ಖಾಲಿ ಸೀಟಿದ್ದರೆ ಒಂಬತ್ತಕ್ಕೆ ಪರೀಕ್ಷೆ ಇರುತ್ತದೆ. ಎಂಟರಲ್ಲಿದ್ದಾಗ ಅರ್ಜಿ ಹಾಕಬಹುದು.

ಇಷ್ಟೆಲ್ಲ ಆದ ಮೇಲೂ ಯಜಮಾನರು ಹಾಸನವೇ ಅಂದರೆ, ಆ ಶಾಲೆಗೆ ಹತ್ತನೇ ಕ್ಲಾಸಿನವರೆಗೆ ಸಿಬಿಎಸ್‌ಇ ಮಾನ್ಯತೆ ಇದೆಯಾ ಅಂತ ಮಾನ್ಯತೆಯ ನಂಬರ್ ಕೇಳಿ, ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಹುಡುಕಲಿ. ಗೇಟಿನ ಮೇಲೆ ಬೋರ್ಡ್ ಹಾಕಿಕೊಂಡಿದ್ದರೆ ಸಾಲದು. ನೋಡುವವರೆಗೆ ಅಡ್ವಾನ್ಸ್ ಕಟ್ಟಬೇಡಿ, ಟಿಸಿಯನ್ನೂ ತೆಗೆಸಬೇಡಿ.

ಇನ್ನೊಂದು ಕೆಲಸ. ಒಂದು ದಿನ ಬೆಳಗ್ಗೆ ಅವಳ ಜೊತೆ ಆ ಹೋಬಳಿ ಬಸ್ಸು ಹತ್ತಿ, ಹೈಸ್ಕೂಲಿನ ಮಕ್ಕಳು ಹೋಗುವ ಹೊತ್ತಿಗೇ. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಆದರೆ ಬಸ್ಸು ತುಂಬಿರುತ್ತದೆ. ನಿಲ್ಲುವುದಕ್ಕೆ ಜಾಗ ಸಿಗುತ್ತದಾ, ಸಂಜೆ ಎಷ್ಟು ಹೊತ್ತಿಗೆ ವಾಪಸ್ ಬಸ್ಸಿದೆ ನೋಡಿಕೊಂಡು ಬನ್ನಿ. ಸಾಧ್ಯವಾದರೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಅಂಗಡಿ ಅರ್ಧ ದಿನ ಮುಚ್ಚಿರಲಿ.