ಓದುಗರ ಪ್ರಶ್ನೆ: ಎದ್ದು ಹೋದ ಮೇಲೆ ಕೇಳುವವರು ಯಾರು?

ಪ್ರಶ್ನೆ: ನಮ್ಮ ಪಂಚಾಯತಿನ ವಿರೋಧ ಪಕ್ಷದವರು ಸಭೆಗೆ ಬಂದು, ಅರ್ಧ ಗಂಟೆ ಘೋಷಣೆ ಕೂಗಿ, ಸಭಾತ್ಯಾಗ ಮಾಡಿ, ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಎಲ್ಲ ವಿಷಯಗಳೂ ಹತ್ತೇ ನಿಮಿಷದಲ್ಲಿ ಪಾಸಾಗುತ್ತವೆ. ವಿರೋಧ ಪಕ್ಷದ ಕೆಲಸ ಇಷ್ಟೆಯೇ?
– ಕಾಸರಗೋಡು ತಾಲೂಕಿನ ಓದುಗರು

ಉತ್ತರ: ‘ಹತ್ತೇ ನಿಮಿಷದಲ್ಲಿ ಪಾಸಾಗುತ್ತವೆ’ ಎಂದು ನೀವು ಬರೆದಿದ್ದೀರಲ್ಲ, ಸಭಾತ್ಯಾಗದಿಂದ ಲಾಭ ಯಾರಿಗೆ ಎಂಬುದು ಅದರಲ್ಲೇ ತಿಳಿಯುತ್ತದೆ. ಅಪರೂಪಕ್ಕೊಮ್ಮೆ ಎದ್ದು ಹೋದರೆ ಅದಕ್ಕೊಂದು ತೂಕವಿದೆ. ಪ್ರತಿ ಸಲವೂ ಹೋಗುವವರನ್ನು ಆಡಳಿತ ಪಕ್ಷದವರು ಮನಸ್ಸಿನಲ್ಲೇ ಕೈಮುಗಿದು ಕಳುಹಿಸಿಕೊಡುತ್ತಾರೆ.

ಬಹಳ ವರ್ಷಗಳ ಹಿಂದೆ ನಾನು ಕಂಡ ಒಬ್ಬ ಸದಸ್ಯೆಯ ನೆನಪಾಗುತ್ತದೆ. ಅವರ ಪಕ್ಷಕ್ಕೆ ಬಹುಮತವಿರಲಿಲ್ಲ, ಅವರಿಗೆ ಭಾಷಣ ಮಾಡಲೂ ಬರುತ್ತಿರಲಿಲ್ಲ. ಆದರೆ ಮಳೆ ಬಿಡುವ ಹೊತ್ತಿಗೆ ತಮ್ಮ ವಾರ್ಡಿನ ತೋಡಿಗೆ, ಅಂದರೆ ಹಳ್ಳಕ್ಕೆ, ಇಳಿದು, ಕಿಂಡಿ ಅಣೆಕಟ್ಟಿನ ಹಲಗೆಗಳಲ್ಲಿ ಎಷ್ಟು ಉಳಿದಿವೆ, ಎಷ್ಟನ್ನು ಗೆದ್ದಲು ತಿಂದಿದೆ ಎಂದು ಎಣಿಸಿ, ಶಾಲಾ ಮಕ್ಕಳ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಸಭೆಗೆ ಬರುತ್ತಿದ್ದರು. ‘ಹಲಗೆಗೆ ಎಷ್ಟು ಹಣ ಇಟ್ಟಿದ್ದೀರಿ, ಯಾವ ದಿನ ಹಾಕುತ್ತೀರಿ?’ – ಅವರ ಪ್ರಶ್ನೆ ಅಷ್ಟೆ. ಉತ್ತರ ಬರುವವರೆಗೆ ಅವರು ಕುರ್ಚಿ ಬಿಡುತ್ತಿರಲಿಲ್ಲ. ಅಡಿಕೆ ತೋಟವುಳ್ಳವರಿಗೆ ಈ ಪ್ರಶ್ನೆಯ ಬೆಲೆ ನಾನು ವಿವರಿಸಬೇಕಾಗಿಲ್ಲ. ಹಲಗೆ ಹಾಕುವುದು ಒಂದು ತಿಂಗಳು ತಡವಾದರೆ ತೋಡಿನ ನೀರೆಲ್ಲ ಕಡಲು ಸೇರಿರುತ್ತದೆ.

ಕಾರ್ಯಸೂಚಿಯನ್ನು ಮನೆಯಲ್ಲೇ ಓದಿ ಬರುವುದು, ಒಪ್ಪದ ನಿರ್ಣಯಕ್ಕೆ ಕಾರಣ ಸಹಿತ ಭಿನ್ನಮತದ ಟಿಪ್ಪಣಿ ಬರೆದುಕೊಡುವುದು, ಸ್ಥಾಯಿ ಸಮಿತಿಯಲ್ಲಿ ಕಡತ ಕೇಳಿ ನೋಡುವುದು, ಇವೆಲ್ಲ ಫೋಟೊಗೆ ಒದಗುವ ಕೆಲಸಗಳಲ್ಲ. ಇನ್ನೊಂದು ದಾರಿ ಇರುವುದನ್ನು ನಮ್ಮ ವಿರೋಧ ಪಕ್ಷಗಳು ಬಹುತೇಕ ಮರೆತಿವೆ: ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ವಾರ್ಡಿನ ಮತದಾರರ ಗ್ರಾಮಸಭೆ ಸೇರಬೇಕು, ಮತ್ತು ಅದರ ಸಂಚಾಲಕರು ಆ ವಾರ್ಡಿನ ಸದಸ್ಯರೇ, ಅವರು ಯಾವ ಪಕ್ಷದವರಾದರೂ ಸರಿ. ಪಂಚಾಯತಿನಲ್ಲಿ ಸಂಖ್ಯಾಬಲವಿಲ್ಲದವರಿಗೂ ತಮ್ಮ ವಾರ್ಡಿನಲ್ಲಿ ಜನರ ಎದುರು ಲೆಕ್ಕ ಇಡಲು ಕಾನೂನೇ ವೇದಿಕೆ ಹಾಕಿಕೊಟ್ಟಿದೆ. ಅಲ್ಲಿ ಹಾಜರಿಯ ಸಹಿ ಸಂಗ್ರಹವಷ್ಟೇ ಮುಗಿಸಿ ಜನರನ್ನು ಮನೆಗೆ ಕಳುಹಿಸುವ ಸದಸ್ಯರು ಪಂಚಾಯತಿನಲ್ಲಿ ಎಷ್ಟೇ ಗಂಟಲು ಹರಿದುಕೊಂಡರೂ ಅದಕ್ಕೆ ಬಲವಿರುವುದಿಲ್ಲ.

ಪ್ರಶ್ನೆ: ಹರತಾಳ ಮಾಡದೆ ಸರ್ಕಾರದ ಕಿವಿಗೆ ಬೀಳುತ್ತದೆಯೇ?
– ಕುಂಬಳೆಯ ಓದುಗರು

ಉತ್ತರ: 1997ರಲ್ಲಿ ಕೇರಳ ಹೈಕೋರ್ಟು ಬಂದ್ ಸಂವಿಧಾನಬಾಹಿರ ಎಂದಿತು, ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಂದ್ ಹೆಸರು ಬದಲಿಸಿಕೊಂಡು ಹರತಾಳವಾಯಿತು. 2019ರಲ್ಲಿ ಅದಕ್ಕೂ ಏಳು ದಿನಗಳ ಮುನ್ಸೂಚನೆ ಬೇಕೆಂದು ಹೈಕೋರ್ಟು ಹೇಳಬೇಕಾಯಿತು. ಹರತಾಳದ ದಿನದ ಕೂಲಿ ಕಳೆದುಕೊಳ್ಳುವವರು ಮಂತ್ರಿಗಳಲ್ಲ ಎಂಬುದನ್ನು ಬಿಟ್ಟು ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಪ್ರಶ್ನೆ: ವಿರೋಧದಲ್ಲಿದ್ದಾಗ ಕೇರಳದ ಎರಡೂ ರಂಗಗಳು (ಎಡರಂಗ, ಐಕ್ಯರಂಗ) ಕನ್ನಡದ ಪರ ಮಾತನಾಡುತ್ತವೆ, ಅಧಿಕಾರ ಬಂದ ಮೇಲೆ ಮರೆಯುತ್ತವೆ. ಇವರನ್ನು ನಂಬುವುದು ಹೇಗೆ?
– ಮಂಜೇಶ್ವರದ ಓದುಗರು

ಉತ್ತರ: ನನ್ನ ಅಳತೆಗೋಲು ಒಂದೇ: ನಾಳೆ ತಾನೇ ಗದ್ದುಗೆ ಏರಿದರೆ ಮಾಡಲು ಸಿದ್ಧವಿರುವುದನ್ನು ಮಾತ್ರ ವಿರೋಧ ಪಕ್ಷ ಇಂದು ಕೇಳಬೇಕು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣವನ್ನೇ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಸಿಪಿಐ(ಎಂ)ನ ಯುವ ಸಂಘಟನೆಯಾದ ಡಿವೈಎಫ್‌ಐ. 2011ರ ನಿಷೇಧಕ್ಕೂ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ 2017ರ ಆದೇಶಕ್ಕೂ ಆ ಅರ್ಜಿಯೇ ಮೂಲ. ಕೇಂದ್ರದ ಅಂದಿನ ಸರ್ಕಾರದ ಎದುರು ಒಂದು ವಿರೋಧ ಪಕ್ಷ ಮಾಡಬಹುದಾದ ಒಳ್ಳೆಯ ಕೆಲಸವದು, ದಾಖಲೆ ಇಟ್ಟುಕೊಂಡು ಮಾಡಿದ ಕೆಲಸ. ಆದರೆ ಆದೇಶ ಬಂದಾಗ ತಿರುವನಂತಪುರದಲ್ಲಿದ್ದದ್ದು ಅದೇ ಪಕ್ಷದ ನೇತೃತ್ವದ ಸರ್ಕಾರ, ಮತ್ತು ಹಣ ಕೊಡಲು ತಡಮಾಡಿದ್ದಕ್ಕೆ 2022ರಲ್ಲಿ ಅದೇ ನ್ಯಾಯಾಲಯ ಆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆ ವರ್ಷಗಳಲ್ಲಿ ಎದುರು ಸಾಲಿನಲ್ಲಿದ್ದವರು ಎಷ್ಟು ಮನೆಗಳಿಗೆ ಹಣ ತಲುಪಿದೆ, ಎಷ್ಟಕ್ಕೆ ಇಲ್ಲ ಎಂದು ಪ್ರತಿ ಅಧಿವೇಶನದಲ್ಲೂ ಲೆಕ್ಕ ಕೇಳುತ್ತ ಹೋಗಿದ್ದರೆ ನ್ಯಾಯಾಲಯದ ಬೈಗುಳದವರೆಗೆ ಕಾಯಬೇಕಿತ್ತೇ ಎಂದು ನನಗೆ ಅನುಮಾನ.

ಕನ್ನಡದ ವಿಷಯದಲ್ಲೂ ಹಾಗೆಯೇ. ‘ಕನ್ನಡಿಗರಿಗೆ ಅನ್ಯಾಯ’ ಎಂಬ ಭಾಷಣಕ್ಕೆ ಯಾವ ಸರ್ಕಾರವೂ ಉತ್ತರಿಸಬೇಕಾಗಿಲ್ಲ. ಆದರೆ ನಾವು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಿಮ್ಮ ಕ್ಷೇತ್ರದ ವಿರೋಧ ಪಕ್ಷದವರು ಮುಂದಿನ ಸಲ ಮತ ಕೇಳಲು ಬಂದಾಗ, ಈ ಕಾಯ್ದೆಯಡಿ ಎಷ್ಟು ಅರ್ಜಿ ಬರೆಸಿದ್ದೀರಿ, ಎಷ್ಟಕ್ಕೆ ಯಾವ ಭಾಷೆಯಲ್ಲಿ ಉತ್ತರ ಬಂತು ಎಂದು ಕೇಳಿ. ಲಕೋಟೆಗಳನ್ನು ತಂದು ತೋರಿಸಿದರೆ ಚಾವಡಿಯಲ್ಲಿ ಕೂರಿಸಿ ಚಹಾ ಕೊಡಿ.