ಅತ್ತೆಯವರ ಜೊತೆ ಹಾಲ್ಕಿಗೆ ಹೋಗಿ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ನಾಲ್ಕು ದಿನ ಇರುತ್ತೇವೆ. ಜೊತೆಯಲ್ಲಿ ಮಂಡಿನೋವಿರುವ ನಮ್ಮ ಅತ್ತೆ. ಬೆಳಿಗ್ಗೆ ಬೋಟು ಹತ್ತಿ, ಗದ್ದಲವಿಲ್ಲದ ಯಾವುದಾದರೂ ದ್ವೀಪದಲ್ಲಿ ಆರಾಮವಾಗಿದ್ದು ಸಂಜೆಗೆ ಮರಳಬೇಕು. ಎಲ್ಲರೂ ಸಿಮಿ ದ್ವೀಪ ಎನ್ನುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ಸಿಮಿ ನಿಜಕ್ಕೂ ಚೆಂದ. ಆದರೆ ಹಗಲು ಹೊತ್ತಿನಲ್ಲಿ ಪ್ರವಾಸಿ ಬೋಟುಗಳು ಅಲ್ಲಿ ಜನರನ್ನು ತಂದಿಳಿಸುತ್ತಲೇ ಇರುತ್ತವೆ. ಮೇಲಿನ ಊರಿಗೆ ನೂರಾರು ಮೆಟ್ಟಿಲು ಬೇರೆ. ಅತ್ತೆಯವರ ಮಂಡಿಯನ್ನು ನೆನೆದರೆ ನಾನು ಹೇಳುವುದು ಹಾಲ್ಕಿ ಎಂಬ ಪುಟ್ಟ ದ್ವೀಪವನ್ನು.

ರೋಡ್ಸ್‌ನ ಪಶ್ಚಿಮ ದಂಡೆಯಲ್ಲಿ ಕಾಮಿರೋಸ್ ಸ್ಕಾಲಾ ಎಂಬ ಪುಟ್ಟ ಬಂದರಿದೆ. ಅಲ್ಲಿಂದ ಬೋಟಿನಲ್ಲಿ ಒಂದು ಗಂಟೆಯ ಆಸುಪಾಸು. ರೋಡ್ಸ್ ಪಟ್ಟಣದಿಂದ ಆ ಬಂದರು ದೂರ, ಬೇಗ ಹೊರಡಿ.

ಹಾಲ್ಕಿಯಲ್ಲಿ ಜನವಸತಿಯಿರುವುದು ಹೆಚ್ಚುಕಡಿಮೆ ಎಂಬೊರಿಯೊ ಎಂಬ ಒಂದೇ ಊರಿನಲ್ಲಿ. ಬೋಟು ನಿಲ್ಲುವುದೂ ಅಲ್ಲೇ. ದಕ್ಕೆಯುದ್ದಕ್ಕೂ ದಾರಿ ಸಮತಟ್ಟು, ನೀರಂಚಿಗೇ ತವೆರ್ನಾಗಳ, ಅಂದರೆ ಅಲ್ಲಿನ ಸಣ್ಣ ಊಟದ ಹೋಟೆಲುಗಳ, ಕುರ್ಚಿಗಳು. ನೆರಳಿರುವ ಮೇಜು ಹಿಡಿದು ಅತ್ತೆಯವರನ್ನು ಕೂರಿಸಿಬಿಡಿ. ಬಿಸಿಲಿಳಿದ ಮೇಲೆ ಸಂತ ನಿಕೋಲಸ್ ಚರ್ಚಿನ ಅಂಗಳ ತೋರಿಸಿ. ಕಪ್ಪು ಬಿಳಿ ಬೆಣಚುಕಲ್ಲುಗಳನ್ನು ರಂಗೋಲಿಯ ಹಾಗೆ ಹಾಸಿದ್ದಾರೆ, ಅವರು ಖಂಡಿತ ಬಗ್ಗಿ ನೋಡುತ್ತಾರೆ.

ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಮನೆಗಳೇಕೆ ಎಂದು ನಿಮಗನ್ನಿಸಬಹುದು. ಸಮುದ್ರದ ತಳದಿಂದ ಸ್ಪಂಜು ಕಿತ್ತು ತಂದು ಮಾರಿದ ದುಡ್ಡು ಅದು. ಕಳೆದ ಶತಮಾನದ ಆರಂಭದಲ್ಲಿ ಆ ಮುಳುಗುಗಾರರಲ್ಲಿ ಬಹಳಷ್ಟು ಮಂದಿ ಅಮೆರಿಕದ ಫ್ಲಾರಿಡಾದಲ್ಲಿರುವ ಟಾರ್ಪನ್ ಸ್ಪ್ರಿಂಗ್ಸ್‌ಗೆ ಇದೇ ಕಸುಬು ಹುಡುಕಿಕೊಂಡು ಹೋದರು. ಊರು ಬರಿದಾಯಿತು. ಹೋದವರು ಮರೆಯಲಿಲ್ಲ, ದುಡ್ಡು ಕಳಿಸಿ ಒಳನಾಡಿಗೆ ರಸ್ತೆ ಮಾಡಿಸಿದರು. ಆ ರಸ್ತೆಗೆ ಇಂದಿಗೂ ಟಾರ್ಪನ್ ಸ್ಪ್ರಿಂಗ್ಸ್ ಹೆಸರೇ. ನಿಮಗೆ ಹಿತವೆನಿಸುವ ಆ ಮೌನದ ಹಿಂದೆ ಇಷ್ಟು ಕುಟುಂಬಗಳ ಅಗಲಿಕೆಯಿದೆ. ಅದನ್ನು ತಿಳಿದು ಹೋದರೆ ಮುಚ್ಚಿದ ಕಿಟಕಿಗಳನ್ನೂ ಬೇರೆಯದೇ ಕಣ್ಣಿನಿಂದ ನೋಡುತ್ತೀರಿ.

ಆ ರಸ್ತೆ ಹೋರಿಯೊ ಎಂಬ ಪಾಳುಬಿದ್ದ ಹಳೆಯ ಊರಿಗೆ ಹೋಗುತ್ತದೆ. ಅದರ ಮೇಲ್ಗಡೆ ಸಂತ ಜಾನ್ ಪಡೆಯ ನೈಟ್‌ಗಳ, ಅಂದರೆ ಮಧ್ಯಯುಗದಲ್ಲಿ ರೋಡ್ಸ್ ಆಳಿದ ಕ್ರೈಸ್ತ ಯೋಧರ, ಕೋಟೆ. ಏರು ಕಡಿದು. ಈ ಸಲ ಅದನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಈಜಬೇಕೆಂದರೆ ಪೊಂಡಾಮೋಸ್ ಕಡಲತೀರ ಕಾಲ್ನಡಿಗೆಯಲ್ಲೇ ಸಿಗುತ್ತದೆ.

ಮೆಲ್ಟೆಮಿ ಎಂಬ ಬಡಗಣ ಗಾಳಿಯ ಆರ್ಭಟ ಜುಲೈ, ಆಗಸ್ಟ್‌ನಲ್ಲಿ ಹೆಚ್ಚು, ಸೆಪ್ಟೆಂಬರ್‌ನಲ್ಲಿ ತಗ್ಗುತ್ತದೆ. ಆದರೂ ಒಮ್ಮೊಮ್ಮೆ ಗಾಳಿಗೆ ಬೋಟು ನಿಲ್ಲುವುದುಂಟು, ವೇಳಾಪಟ್ಟಿಯೂ ಎಲ್ಲ ದಿನ ಒಂದೇ ಇರುವುದಿಲ್ಲ. ಹಾಗಾಗಿ ಹಾಲ್ಕಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಎರಡನೆಯ ದಿನ ಹೊರಟರೆ, ಅವತ್ತು ತಪ್ಪಿದರೂ ಮರುದಿನ ಕೈಯಲ್ಲಿರುತ್ತದೆ.