ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲೇ ಅಷ್ಟೊಂದು ಹೆಸರಾಂತ ಬ್ರಿಟಿಷರ ಸಮಾಧಿ ಯಾಕಿವೆ?

ಆಗ ಕಲ್ಕತ್ತ ಈಸ್ಟ್ ಇಂಡಿಯಾ ಕಂಪನಿಯ ರಾಜಧಾನಿ. ದೊಡ್ಡ ಅಧಿಕಾರಿಗಳು, ಪಂಡಿತರು, ಸೇನೆಯವರು ಎಲ್ಲ ಅಲ್ಲೇ ಇದ್ದರು, ಅಲ್ಲೇ ಸತ್ತರು. 1767ರಲ್ಲಿ ಶುರುವಾದ ಈ ಸ್ಮಶಾನ ಬಲುಬೇಗ ತುಂಬಿತು.

ಮುಖ್ಯ ಕಾರಣ ಕಾಯಿಲೆ. ಮಲೇರಿಯಾ, ಕಾಲರಾ, ಆಮಶಂಕೆ ಯಾಕೆ ಬರುತ್ತವೆ ಅಂತಲೇ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಮಳೆಗಾಲ ಬಂತೆಂದರೆ ಸಾವು ಜಾಸ್ತಿ. ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಲು ತಿಂಗಳುಗಳೇ ಬೇಕು, ಆ ಸೆಕೆಯಲ್ಲಿ ಹೆಣವನ್ನು ಒಂದೆರಡು ದಿನವೂ ಇಡುವಂತಿರಲಿಲ್ಲ. ಇಲ್ಲೇ ಹೂಳದೆ ಬೇರೆ ದಾರಿಯೇ ಇರಲಿಲ್ಲ.

ಏಷ್ಯಾಟಿಕ್ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸ್ 1794ರಲ್ಲಿ ತೀರಿಕೊಂಡಾಗ ವಯಸ್ಸು 47. ಕವಿ, ಮೇಷ್ಟ್ರು ಡಿರೋಜಿಯೊಗೆ ಬರೀ 22. 1831ರಲ್ಲಿ ಕಾಲರಾ ಬಡಿಯಿತು. ಅವನು ಹುಟ್ಟಿದ್ದೂ ಕಲ್ಕತ್ತದಲ್ಲೇ. ಹಿಂದೂ ಆಚಾರಗಳನ್ನು ಮೆಚ್ಚಿ ಅನುಸರಿಸಿದ ಚಾರ್ಲ್ಸ್ ಸ್ಟುವರ್ಟ್‌ನ ಸಮಾಧಿ ನೋಡಿದರೆ ಥೇಟ್ ಪುಟ್ಟ ಗುಡಿ.

ನಾವು ಕನ್ನಡಿಗರು ನೆನೆಯಲೇಬೇಕಾದವನು ಕಾಲಿನ್ ಮೆಕೆಂಜಿ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು, ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದವನು. ಹೋದಲ್ಲೆಲ್ಲ ಕಾವಲಿ ಬೋರಯ್ಯನಂಥ ಸಹಾಯಕರ ನೆರವಿನಿಂದ ಶಾಸನ, ಓಲೆಗರಿ, ಊರೂರಿನ ಕೈಫಿಯತ್ತು (ಊರಿನವರು ಹೇಳಿ ಬರೆಸಿದ ಸ್ಥಳೀಯ ಚರಿತ್ರೆ) ಕೂಡಿಹಾಕಿದ. ನಮ್ಮ ಎಷ್ಟೋ ಹಳ್ಳಿ, ಪಾಳೆಯಗಾರರ ಕಥೆ ಇವತ್ತು ಉಳಿದಿರುವುದೇ ಈ ಕೆಲಸದಿಂದ, ಇದಕ್ಕೆ ಬೋರಯ್ಯನ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕು. ಮುಂದೆ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಜಿ 1821ರಲ್ಲಿ ತೀರಿಕೊಂಡ, ಅವನನ್ನೂ ಇಲ್ಲೇ ಹೂಳಿದರು.